ಮೊಂತಿ ಹಬ್ಬದ ಹಾಲು

ಸರಸ ಇನ್ನೇನು ಕುಳಿತುಕೊಳ್ಳಬೇಕು ಎನ್ನುವಷ್ಟರಲ್ಲಿ ಲೀನಾ ಆ ಪ್ಲಾಸ್ಟಿಕ್ ಕುರ್ಚಿಯನ್ನು ಹಿಂದಕ್ಕೆ ಎಳೆದಳು.

"ಇದು ಮನೆಯವರಿಗೆ ಇಟ್ಟದ್ದು. ಹೊರಗೆ ಶಾಮಿಯಾನದಲ್ಲಿ ಬೇಕಾದಷ್ಟು ಉಂಟು."

"ಆಯ್ತು ಬಾಯಮ್ಮ," ಎಂದು ಸರಸ ಹೊರನಡೆದಳು. ಉಚ್ಚಿಲದಿಂದ ಎರಡು ಬಸ್ಸು ಬದಲಿಸಿ ಕಲ್ಯಾಣಪುರಕ್ಕೆ ಬಂದವಳು. ಕೈಯಲ್ಲಿ ಒಂದು ಚೆಂಡು ಮಲ್ಲಿಗೆ ಹಾಗೆಯೇ ಉಳಿಯಿತು.

ಅಲೆಕ್ಸ್ ಎಲ್ಲವನ್ನೂ ನೋಡಿದ. ನೋಡಿ, ಹೆಂಡತಿ ಜೆರ್ಟ್ರೂಡಳ ಶವಪೆಟ್ಟಿಗೆಯ ಮೇಲಿನ ಹೂವನ್ನು ಸರಿಪಡಿಸಿದ; ಅದು ಸರಿಯಾಗಿಯೇ ಇತ್ತು. ತಂಗಿ ಲೀನಾಳಿಗೆ ಎದುರಾಡದಿರುವುದನ್ನು ಅವನು ಜೀವನವಿಡೀ ಒಳ್ಳೆಯತನವೆಂದು ಕರೆದುಕೊಂಡಿದ್ದ.

"ಮಸ್ಕತ್ತಿನಲ್ಲಿ ಈ ಮೀನಿನವರನ್ನೆಲ್ಲ ತಲೆ ಮೇಲೆ ಕೂರಿಸಿದ್ದು ಅತ್ತಿಗೆಯೇ," ಲೀನಾ ಪಕ್ಕದ ಮನೆಯ ಆನ್ಸಿಲ್ಲಾಳಿಗೆ, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು. "ಆದರೂ ನೋಡು, ಮೊನ್ನೆ ಮೊಂತಿ ಹಬ್ಬಕ್ಕೆ ನಮಗೆ ನೊವೆಂ ಕುಡಿಸಿಯೇ ಹೋದಳು."

ಎರಡು ದಿನಗಳಿಂದ ಅಲೆಕ್ಸನಿಗೆ ಇದ್ದ ಸಮಾಧಾನವೂ ಅದೊಂದೇ. ಮೊಂತಿ ಎಂದರೆ ಮರಿಯಮ್ಮನ ಹುಟ್ಟಿನ, ಹೊಸ ತೆನೆಯ ಹಬ್ಬ; ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಅವನೇ ತಂದಿದ್ದ. ಅದರ ಕಾಳು ಕುಟ್ಟಿ ಹಾಲಿಗೆ ಸೇರಿಸಿ ಮನೆಮಂದಿ ಮಾತ್ರ ಕುಡಿಯುವುದು ನೊವೆಂ. ಬೆಳಿಗ್ಗೆ ಜೆರ್ಟ್ರೂಡ್ ಲೋಟ ಕೊಟ್ಟಳು. ಸಂಜೆ ಎದೆನೋವು ಬಂತು.

* * *

ಅಲೆಕ್ಸ್ ಕೆಲಸಕ್ಕಿದ್ದ ಮಸ್ಕತ್ತಿಗೆ ಲೀನಾ ಬಂದಿದ್ದ ವರ್ಷವೂ ಜೆರ್ಟ್ರೂಡ್ ಮೊಂತಿ ಹಬ್ಬಕ್ಕೆ ಕಟ್ಟಡದವರನ್ನೆಲ್ಲ ಕರೆದಿದ್ದಳು. ಬಾಳೆಎಲೆಯ ಬದಲು ಹಸಿರು ಪ್ಲಾಸ್ಟಿಕ್ ಹಾಳೆ, ಏಳು ಬಗೆಯ ತರಕಾರಿ. ಕೆಳಗಿನ ಮನೆಯ ದೂಮಪ್ಪ, ಸರಸಳ ಗಂಡ, ಮೀನಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. "ಎಲ್ಲರೂ ಹೀಗೆ ಸೊಪ್ಪು ತಿಂದರೆ ನನ್ನ ಕೆಲಸ ಹೋದೀತು ಮಾರಾಯ್ರೆ!" ಎಂದು ನಗಿಸುತ್ತಿದ್ದ.

ಊರಿನಿಂದ ಯಾರದೋ ಬ್ಯಾಗಿನಲ್ಲಿ ಬಂದದ್ದು ಒಂದೇ ತೆನೆ. ಅದನ್ನು ಕುಟ್ಟಿ ಜೆರ್ಟ್ರೂಡ್ ದೊಡ್ಡ ಜಗ್ಗಿನ ಹಾಲಿಗೆ ಸೇರಿಸಿದ್ದಳು.

"ಎಂತ ಅಣ್ಣ ಇದು? ನಮ್ಮ ನೊವೆಂ ದಾರಿಯಲ್ಲಿ ಹೋಗುವವರಿಗಾ?" ಲೀನಾ ಸಿಡುಕಿದಳು.

ಅಲೆಕ್ಸ್ ಜಗ್ಗನ್ನು ಅಡುಗೆಮನೆಗೆ ಒಯ್ದ. ಮನೆಯವರಿಗೆಂದು ಮೂರು ಲೋಟ ತೆಗೆದಿಟ್ಟು, ಉಳಿದದ್ದನ್ನು ಸಿಂಕಿಗೆ ಸುರಿದು, ಬರೀ ಹಾಲು ತುಂಬಿಸಿ ತಂದ. ಅತಿಥಿಗಳು ಕಣ್ಣಿಗೊತ್ತಿಕೊಂಡು ಕುಡಿದರು.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದ ಜೆರ್ಟ್ರೂಡ್ ಏನೂ ಹೇಳಲಿಲ್ಲ. ಒಪ್ಪಿದಳೆಂದು ಅಲೆಕ್ಸ್ ಭಾವಿಸಿದ. ಸುಮ್ಮನಿದ್ದವರೆಲ್ಲ ಒಪ್ಪಿದವರು ಎಂದುಕೊಳ್ಳುವುದು ಅವನಿಗೆ ಅನುಕೂಲವಾಗಿತ್ತು.

* * *

ಮಣ್ಣು ಮಾಡಿ ಮರಳಿದಾಗ ಸರಸ ಗೇಟಿನ ಬಳಿ ಕಾಯುತ್ತಿದ್ದಳು.

"ಹೊರಟೆ ಅಲೆಕ್ಸಣ್ಣ. ಇನ್ನು ನಮಗೆ ನೊವೆಂ ಕೊಡುವವರು ಯಾರು ಹೇಳಿ?"

"ನಿಮಗಾ?"

"ಮಸ್ಕತ್ತಿನಲ್ಲಿ ನಿಮ್ಮ ತಂಗಿ ಬಂದುಹೋದ ಮೇಲೆ ಪ್ರತಿ ವರ್ಷ ತೆನೆ ನಮ್ಮ ಮನೆಗೇ ಬರ್ತಿತ್ತಲ್ಲ? ಜೆರ್ಟ್ರೂಡಕ್ಕ ಅಲ್ಲೇ ಕುಟ್ಟಿ ಎಲ್ಲರಿಗೂ ಹಂಚ್ತಿದ್ದರು. ಊರಿಗೆ ಬಂದ ಮೇಲೂ ನನ್ನ ಡಬ್ಬಿಯಲ್ಲಿ ಹಾಕಿ ತಂದು ಕೊಡ್ತಿದ್ದರು." ಸರಸ ಅಳುತ್ತಲೇ ನಕ್ಕಳು. "'ಮತ್ತೆ ನಿಮ್ಮ ಮನೆಯವರಿಗೆ?' ಅಂತ ಕೇಳಿದ್ರೆ, 'ಅವರಿಗೆ ಬಾಸ್ಮತಿ ಕುಟ್ಟಿ ಹಾಕಿದ್ರೆ ಸಾಕು, ಅದನ್ನೇ ಕಣ್ಣಿಗೊತ್ತಿ ಕುಡೀತಾರೆ' ಅಂತಿದ್ದರು. ತಮಾಷೆ ಅವರದ್ದು, ಅಲ್ವಾ?"

ಅಲೆಕ್ಸ್ ಅಡುಗೆಮನೆಗೆ ಹೋದ. ಕುಟ್ಟಾಣಿಯ ತಳದಲ್ಲಿ ಉದ್ದನೆಯ ಬಿಳಿ ಅಕ್ಕಿಯ ಒಂದೆರಡು ಚೂರು ಅಂಟಿದ್ದವು. ಬಾಸ್ಮತಿ ಡಬ್ಬದ ಹಿಂದೆ ಒಂದು ಸಣ್ಣ ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಸರಸಳ ಹೆಸರು ಕೆತ್ತಿತ್ತು. ತೆರೆದ. ಮೊನ್ನೆ ತಾನು ತಂದ ತೆನೆ. ಬೆರಳಿನಿಂದ ಸವರಿ ನೋಡಿದ. ಒಂದು ಕಾಳೂ ಕಡಿಮೆಯಾಗಿರಲಿಲ್ಲ.

ಕಿಟಕಿಯಾಚೆ ಸರಸ ಸಂತೆಕಟ್ಟೆಯ ರಸ್ತೆಯಲ್ಲಿ ನಿಧಾನವಾಗಿ ನಡೆಯುತ್ತಿದ್ದಳು. ಕರೆದರೆ ಕೇಳುವಷ್ಟೇ ದೂರ.

"ಅಣ್ಣ, ಅಲ್ಲೆಂತ ಮಾಡ್ತಿದ್ದಿ? ಗಂಜಿ ಆರ್ತದೆ. ಮನೆಯವರು ಒಟ್ಟಿಗೆ ಕೂರಬೇಕು!"

ಲೀನಾಳ ಚಪ್ಪಲಿಯ ಸದ್ದು ಹತ್ತಿರವಾಯಿತು. ಅಲೆಕ್ಸ್ ಡಬ್ಬಿಯನ್ನು ಬಾಸ್ಮತಿಯೊಳಗೆ ಆಳಕ್ಕೆ ಒತ್ತಿ, ಮೇಲಿನಿಂದ ಒಂದೊಂದೇ ಹಿಡಿ ಅಕ್ಕಿ ಹಾಕತೊಡಗಿದ.