ಅರ್ತಿಂಗ್ ಕಿತ್ತ ಪೆಟ್ಟಿಗೆ

ಪಕ್ಕದ ಮನೆಯ ಮುನಿರಾಮಯ್ಯನವರು ಹೆಣಕ್ಕೆ ಎರಡನೆಯ ಬಿಂದಿಗೆ ನೀರು ಸುರಿದಾಗ ಪುರುಷೋತ್ತಮನ ಬಲಗೈ ಮಗುಚಿಕೊಂಡಿತು. ಬಾಗಿಲ ಮರೆಯಲ್ಲಿ ನಿಂತಿದ್ದ ಅವನ ಹೆಂಡತಿ ಅಂಬುಜಾ ನೋಡಿಬಿಟ್ಟಳು. ಅಂಗೈಯಲ್ಲಿ ಕಡಲೆಕಾಳಿನಷ್ಟು ಸುಟ್ಟ ಗುಳಿ. ಎಡಗೈಯಲ್ಲೂ ಅಂಥದೇ ಒಂದು.

ಹಾರ್ಟು ನಿಂತುಹೋಯಿತು ಎಂದು ರಾಜಾಜಿನಗರದ ಬೀದಿಗೆಲ್ಲ ಸಾರಿದವರು ಫ್ಯಾಕ್ಟರಿ ಮಾಲೀಕ ವೆಂಕಟಗಿರಿ. ನಿಂತದ್ದೇನೋ ನಿಜ. ನಿಲ್ಲಿಸಿದ್ದು ಯಾವುದೆಂದು ಮಾತ್ರ ಆ ಪುಣ್ಯಾತ್ಮ ಬಾಯಿಬಿಡಲಿಲ್ಲ. ಇಂಡಸ್ಟ್ರಿಯಲ್ ಎಸ್ಟೇಟಿನ ಅವರ ಶೆಡ್ಡಿನಲ್ಲಿ, ದೊಡ್ಡ ಮೋಟಾರುಗಳಿಗೆ ಕರೆಂಟು ಕೊಡುವ ಯಂತ್ರಗಳನ್ನು ಪರೀಕ್ಷಿಸುವುದು ಪುರುಷೋತ್ತಮನ ಕೆಲಸವಾಗಿತ್ತು. ಈಗ ಆ ಪರೀಕ್ಷೆಯ ಮೇಜಿಗೆ ಉಳಿದವನು ಕಿಟ್ಟಿ, ಅಂಬುಜೆಯ ತಮ್ಮ. ಗಂಡನಿಗೆ ಗಂಟುಬಿದ್ದು ಅವಳೇ ಅವನನ್ನು ಸೇರಿಸಿದ್ದಳು.

*

ಎಪ್ಪತ್ತಾರರ ಯುಗಾದಿಯ ಹೊತ್ತಿಗೆ, ಊಟಕ್ಕೆ ಕೂತಾಗ ಪುರುಷೋತ್ತಮನೇ ಹೇಳಿದ್ದ. ಕರೆಂಟಿನ ಅಲೆ ತೋರಿಸುವ ಸ್ಕೋಪ್ ಪೆಟ್ಟಿಗೆಯ ಕ್ಲಿಪ್ಪು ಒಳಗಿಂದಲೇ ಭೂಮಿಗೆ ಸೇರಿರುತ್ತದೆ. ಅವನು ಅಳೆಯಬೇಕಾದ ಜಾಗವೋ ಭೂಮಿಗಿಂತ ನಾನೂರು ವೋಲ್ಟು ಮೇಲೆ ತೇಲುತ್ತಿರುತ್ತದೆ. ಅಲ್ಲಿಗೆ ಕ್ಲಿಪ್ಪು ಸಿಕ್ಕಿಸಿದರೆ ಢಂ ಎಂದು ಫ್ಯೂಸು ಹೋಗುತ್ತದೆ. ಕ್ಲಿಪ್ಪಿನ ಗೋಜಿಗೇ ಹೋಗದೆ ಎರಡು ಪ್ರೋಬು, ಅಂದರೆ ಅಳೆಯುವ ಕಡ್ಡಿ, ಹಿಡಿದು, ಒಂದರಿಂದ ಇನ್ನೊಂದನ್ನು ಕಳೆದು ನೋಡುವುದು ಸರಿಯಾದ ದಾರಿ. ಎರಡನೆಯ ಪ್ರೋಬು ಕೆಟ್ಟು ಕೂತಿತ್ತು. ರಿಪೇರಿಗೆ ಪುರುಸೊತ್ತಿಲ್ಲವೆಂದು ವೆಂಕಟಗಿರಿ ಪೆಟ್ಟಿಗೆಯನ್ನು ಭೂಮಿಗೆ ಸೇರಿಸುವ, ಪ್ಲಗ್ಗಿನ ಅರ್ತಿಂಗ್ ತಂತಿಯನ್ನೇ ಕೀಳಿಸಿದರು. ಫ್ಯೂಸು ಹೋಗುವುದು ನಿಂತಿತು, ನಾನೂರು ವೋಲ್ಟು ಪೆಟ್ಟಿಗೆಯ ತಗಡಿಗೇ ಬಂದು ಕೂತಿತು.

"ಮುಟ್ಟಿದ್ರೆ?" ಎಂದಿದ್ದಳು ಅಂಬುಜಾ.

"ಮುಟ್ಟಲ್ಲ ಕಣೇ. ಎಲ್ಲಾ ಕಡೆ ಹೀಗೇ ಮಾಡೋದು," ಎಂದು ಅವನು ಸಾರು ಬಡಿಸಿಕೊಂಡಿದ್ದ.

*

ಹೆಣ ಎತ್ತುವ ಮುಂಚೆ ವೆಂಕಟಗಿರಿಯವರು ಹಾರ ಹಾಕಿ, ಕಣ್ಣೊರೆಸಿಕೊಂಡು, ಏನು ಬೇಕಾದರೂ ಕೇಳಮ್ಮ ಎಂದರು. ಅಂಬುಜಾ ಕೇಳಿಯೇಬಿಟ್ಟಳು.

"ಆ ಪೆಟ್ಟಿಗೆಗೆ ಅರ್ತಿಂಗ್ ಹಾಕ್ಸಿದೀರಾ ಸಾರ್?"

"ಈಗ ಅದೆಲ್ಲ ಯಾಕಮ್ಮ? ಮೊದಲು ಕಾರ್ಯ ಮುಗೀಲಿ."

ಕಿಟ್ಟಿ ತಲೆ ತಗ್ಗಿಸಿದ. ಅಂಬುಜೆಗೆ ಹೋದವನ ದುಃಖದ ಜೊತೆಗೆ ಇರುವವನ ಬಗೆಗಿನ ಭಯವೂ ಸೇರಿಕೊಂಡಿತು.

ಸಂಜೆ ಹರಿಶ್ಚಂದ್ರ ಘಾಟಿನಿಂದ ಗಂಡಸರು ಮರಳಿ, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಒಬ್ಬೊಬ್ಬರಾಗಿ ಹೊರಟರು. ಅವರಲ್ಲಿ ಕಿಟ್ಟಿ ಇರಲಿಲ್ಲ. ಎಲ್ಲಿ ಎಂದು ಮುನಿರಾಮಯ್ಯನವರನ್ನು ಕೇಳಿದಳು.

"ಸಾಹುಕಾರ್ರು ಕಾರಲ್ಲಿ ಕರ್ಕೊಂಡು ಹೋದ್ರಮ್ಮ. ನಾಳೆ ಮಾಲು ಹೋಗ್ಬೇಕಂತೆ. ಸ್ನಾನ ಮಾಡಿದವನು ಒದ್ದೆ ಪಂಚೇಲೇ ಹೋದ."

ಒದ್ದೆ ಪಂಚೆಯಲ್ಲಿ, ಆ ಪೆಟ್ಟಿಗೆಯ ಮುಂದೆ! ಸೂತಕದವಳು ಹೊಸಿಲು ದಾಟಬಾರದೆಂದು ಅತ್ತೆ ರಾಮಮ್ಮ ಸೆರಗು ಹಿಡಿದರು. ಕಿತ್ತುಕೊಂಡು ಬರಿಗಾಲಲ್ಲಿ ಓಡಿದಳು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಬಿಂದಿಗೆ ಎತ್ತಿಕೊಂಡು ದಾರಿ ಬಿಟ್ಟರು.

ಶೆಡ್ಡಿನ ಬಾಗಿಲಲ್ಲೇ ಕಬ್ಬಿಣದ ಮೇನ್ ಸ್ವಿಚ್ಚು. ಅದರ ಹಿಡಿಯನ್ನು ಎರಡೂ ಕೈಯಲ್ಲಿ ಕೆಳಗೆಳೆದಳು. ದೀಪಗಳು ಆರಿದವು. ವೆಂಕಟಗಿರಿಯವರ ಬೈಗುಳ ಕೇಳಿತು, ಆಮೇಲೆ ಕಿಟ್ಟಿ ಹತ್ತಿರ ಬಂದ.

"ಅಕ್ಕಾ, ಮೇನ್ ಹಾಕು. ಒಂದೇ ರೀಡಿಂಗ್ ಬಾಕಿ."

ಅಂಬುಜಾ ಹಿಡಿಗೆ ಜೋತುಬಿದ್ದಳು. ಅವನ ಪಂಚೆಯಿಂದ ನೀರು ಸಿಮೆಂಟು ನೆಲದ ಮೇಲೆ ತೊಟ್ಟಿಕ್ಕುತ್ತಲೇ ಇತ್ತು.