ಕೂಸಿನ ಕಿವಿಯ ಅರಳೆ

ತಡವಳದ ಹಣಮಂತಪ್ಪನ ಮನೆಯಲ್ಲಿ ಎಂಟು ದಿನದಿಂದ ಅವನ ತಮ್ಮ ಅಮೋಗಸಿದ್ಧನ ಅಂಬಲಿಗೆ ಅಫೀಮು ಬೀಳುತ್ತಿತ್ತು. ಕುಡಿಯುವವನಿಗೆ ಅದು ಗೊತ್ತಿರಲಿಲ್ಲ. ಹಾಕುತ್ತಿದ್ದವಳು ಅತ್ತಿಗೆ ಕಲ್ಯಾಣಮ್ಮ.

ಅಮೋಗಸಿದ್ಧ ದೊಡ್ಡ ಯುದ್ಧಕ್ಕೆ ಹೋಗಿ ಬಂದವನು. ಕಡಲಾಚೆ ಬಸ್ರಾದ ಕಡೆ ಹೇಸರಗತ್ತೆಗಳ ಮೇಲೆ ತೋಪಿನ ಮದ್ದು ಹೇರಿ ನಡೆಸುವ ಕೆಲಸ. ಹೋಗುವಾಗ ಊರು ಹಲಗೆ ಬಾರಿಸಿ ಹಾರ ಹಾಕಿತ್ತು. ಬಂದು ಮೂರು ವರ್ಷವಾದರೂ ಏನು ಕಂಡೆ ಎಂದು ಒಬ್ಬರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಗೋಡೆಗೆ ಬೆನ್ನು ಕೊಟ್ಟೇ ಉಣ್ಣುತ್ತಿದ್ದ. ಯಾರಾದರೂ ಬಾಗಿಲು ಮುಚ್ಚಿದರೆ ಎದ್ದು ಹೋಗಿ ತೆರೆಯುತ್ತಿದ್ದ. ಸೆರೆ ಕುಡಿಯದೆ ನಿದ್ದೆ ಹತ್ತುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಪಕ್ಕದ ಹೊಲದವರು ಬಾವಿ ತೋಡುತ್ತ, ಕಲ್ಲು ಒಡೆಯಲು ಮದ್ದು ತುಂಬಿ ಸುರಂಗ ಹಾರಿಸಿದರು. ನೆಲ ನಡುಗಿತು. ಕಲ್ಯಾಣಮ್ಮ ಒಳಗೆ ಓಡಿ ಬಂದು ನೋಡಿದರೆ ತೊಟ್ಟಿಲು ತೂಗುತ್ತಿದೆ, ಕೂಸು ಇಲ್ಲ.

ಊರೆಲ್ಲ ಹುಡುಕಿತು. ಕೊನೆಗೆ ಅಂಗಳದ ಖಾಲಿ ಹಗೇವಿನಲ್ಲಿ, ಜೋಳ ತುಂಬಿಡುವ ನೆಲದೊಳಗಿನ ಕುಣಿಯಲ್ಲಿ, ಅಮೋಗಸಿದ್ಧ ಸಿಕ್ಕ. ಮೊಣಕೈ ಊರಿ ಬೋರಲು ಬಿದ್ದಿದ್ದ. ಕೂಸು ಶಿವಾನಂದ ಅವನ ಎದೆಯ ಕೆಳಗಿತ್ತು.

“ಜೀವಂತ ಹುಗ್ಯಾಕ ಹೊಂಟಿದ್ದ” ಎಂದಿತು ಮಂದಿ. ಕೊಟ್ಟಿಗೆಯ ಕಂಬಕ್ಕೆ ಅವನನ್ನು ಕಟ್ಟಿದರು. ಕೂಸಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಅದರ ಎರಡೂ ಕಿವಿಗಳಲ್ಲಿ ಅರಳೆ ಇತ್ತು. ಮಾಟವಿರಬೇಕೆಂದುಕೊಂಡಳು ಕಲ್ಯಾಣಮ್ಮ. ಯಾರಿಗೂ ಹೇಳದೆ ಅದನ್ನು ಚಿಂದಿಯಲ್ಲಿ ಕಟ್ಟಿ ಗೋಡೆಯ ಮಾಡದಲ್ಲಿಟ್ಟಳು.

ಅವನು ಎಚ್ಚರವಾಗದಿರಲೆಂದು ಅಂದಿನಿಂದಲೇ ಅಂಬಲಿಗೆ ಅಫೀಮು ಬೀಳತೊಡಗಿತು. ಡಬ್ಬಿ ಮನೆಯಲ್ಲಿ ಮೊದಲೇ ಇತ್ತು. ಯಾರ ಮನೆಯಲ್ಲಿಲ್ಲ? ಕೂಲಿಗೆ ಹೋಗುವ ತಾಯಿ, ಹೊಲಕ್ಕೆ ಹೋಗುವ ತಾಯಿ, ಸಾಸಿವೆಕಾಳಿನಷ್ಟು ಗುಳಿಗೆಯನ್ನು ಕೂಸಿನ ಬಾಯಿಗಿಟ್ಟರೆ ಸಂಜೆಯ ತನಕ ಅಳುವಿಲ್ಲ. ಪರವಾನಿಗೆಯ ಹಲಗೆ ತೂಗುಹಾಕಿದ ಅಂಗಡಿಯಲ್ಲೇ ಅದು ಸಿಗುತ್ತದೆ. ತೋಪಿನ ಬಾಯಿಗೆ ಗಂಡಸರನ್ನು ಕಳಿಸಿದವರೇ, ಆ ಸದ್ದು ಮರೆಯಲು ಗುಳಿಗೆ ಮಾರುವ ಪರವಾನಿಗೆಯನ್ನೂ ಕೊಟ್ಟಿದ್ದಾರೆ.

ಒಂಬತ್ತನೆಯ ದಿನ ಸೋಲಾಪುರದಿಂದ ತುಕಾರಾಮ ಬಂದ. ಬಸ್ರಾದಲ್ಲಿ ಅಮೋಗಸಿದ್ಧನ ಜೊತೆಗಿದ್ದವನು, ಈಗ ಗಿರಣಿಯಲ್ಲಿ ಕೆಲಸ. ಕೊಟ್ಟಿಗೆಗೆ ಹೋಗಿ ಗೆಳೆಯನ ರೆಪ್ಪೆ ಎತ್ತಿ ನೋಡಿದ. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಕಲ್ಯಾಣಮ್ಮನನ್ನು ಕೇಳಿದ.

“ವೈನಿ, ದಿನಾ ಎಷ್ಟ ಹಾಕಾಕತ್ತೀರಿ?”

“ಏನ್ ಹಾಕೂದ್ರಿ? ಅಂಬಲಿ ಹಾಕ್ತೀವಿ.”

“ಅಂಬಲಿ ಕುಡದ್ರ ಕಣ್ಣಿನ ಗೊಂಬಿ ಸೂಜಿ ತುದಿಯಷ್ಟು ಆಗಂಗಿಲ್ರಿ. ನಾನೂ ತಿಂದಾಂವ. ನನ್ನ ಮುಂದ ಮುಚ್ಚಬ್ಯಾಡ್ರಿ.”

ಕಲ್ಯಾಣಮ್ಮ ಸೆರಗು ಎಳೆದುಕೊಂಡಳು. “ನಿಮಗೇನ್ರಿ ಅಣ್ಣಾ, ನಾಳಿ ಹೋಗಾವ್ರು. ಅಂವ ಎಚ್ಚರಿದ್ರ ನನ್ನ ಕೂಸಿನ್ನ ಕೊಲ್ತಾನ.”

“ಕೊಲ್ಲಾಕ ಒಯ್ದಿದ್ದ ಅಂತ ಯಾರ ಹೇಳ್ಯಾರ?”

“ಊರ ಹೇಳ್ತದ.”

“ಊರು ನಮ್ಮ ಸಂಗಾಟ ಬಸ್ರಾಕ್ಕ ಬಂದಿತ್ತೇನ್ರಿ?”

ಅವಳಿಗೆ ಸಿಟ್ಟು ಬಂತು. ಒಳಗೆ ಹೋಗಿ ಚಿಂದಿ ತಂದು ಅವನ ಮುಂದೆ ಬಿಚ್ಚಿದಳು. “ಹಂಗಾರ ಇದೇನು ಹೇಳ್ರಿ. ಕೂಸಿನ ಕಿವ್ಯಾಗ ತುರುಕಿದ್ದ. ಮಾಟ ಅಲ್ಲೇನು?”

ತುಕಾರಾಮ ಅರಳೆಯನ್ನು ಮುಟ್ಟಲಿಲ್ಲ.

“ತೋಪು ಹಾರೂ ಮೊದಲ ನಾವು ಕಿವ್ಯಾಗ ಅರಳಿ ಇಟ್ಕೋತಿದ್ದಿವ್ರಿ. ಇಲ್ಲಂದ್ರ ಕಿವಿ ಒಡದು ರಕ್ತ ಬರ್ತದ. ಆಮ್ಯಾಲ ತಗ್ಗಿನ್ಯಾಗ ಬೋರಲ ಬೀಳೂದು. ಅವತ್ತ ಅಂವನ ಕಿವ್ಯಾಗ ಅರಳಿ ಇತ್ತೇನ್ರಿ?”

“ಇದ್ದಿಲ್ಲ.”

“ಇದ್ದಷ್ಟೂ ಕೂಸಿಗೆ ಇಟ್ಟಾನ.”

ಕಲ್ಯಾಣಮ್ಮ ಅರಳೆಯನ್ನು ಮತ್ತೆ ಚಿಂದಿಯಲ್ಲಿ ಕಟ್ಟಿದಳು. ಮೆಲ್ಲಗೆ ಹೇಳಿದಳು: “ನಾಳಿ ನಮ್ಮ ಮನ್ಯಾವ್ರು ಅಂವನ್ನ ಗಾಡ್ಯಾಗ ಒಯ್ದು ಸೋಲಾಪುರದ ರೈಲಿಗೆ ಹಾಕಿ ಬರ್ತಾರಂತ್ರಿ. ದೊಡ್ಡ ಊರು, ಯಾರರೆ ಅನ್ನ ಹಾಕ್ತಾರಂತ.”

“ಲಾಥ್ ಹಾಕ್ತಾರ, ಒದ್ದು ಓಡಸ್ತಾರ. ಆ ಟೇಶನದ ಹೊರಗ ನಾ ಎರಡ ವರ್ಷ ಮಲಗೇನಿ, ವೈನಿ. ನಮ್ಮಂಥ ಪಲಟಣದವರು ಹದಿನಾಕ ಮಂದಿ ಇದ್ದಿವಿ. ಅಫೀಮು, ಗಾಂಜಾ, ಸೆರಿ, ಏನ್ ಸಿಕ್ತದ ಅದು. ಒಂದ ಚಳಿಗಾಲಕ್ಕ ಆರ ಮಂದಿ ಎದ್ದಿಲ್ಲ. ನಮ್ಮಕ್ಕ ಹುಡುಕ್ಕೊಂತ ಬಂದು ದವಾಖಾನಿಗೆ ಒಯ್ದಳು. ಡಾಕ್ಟರ್ ಸಾಹೇಬ್ರು ದಿನಾ ಸ್ವಲ್ಪ ಸ್ವಲ್ಪ ಕಡಿಮಿ ಮಾಡಿ ಬಿಡಿಸಿದ್ರು.”

“ಈಗ ಹೆದರಿಕಿ ಹೋಗ್ಯಾದೇನ್ರಿ?”

“ಎಲ್ಲಿ ಹೋಗ್ತದ? ಗಿರಣಿ ಭೋಂಗಾ ಕೂಗಿದ್ರ ಇವತ್ತೂ ಮೈ ಝುಂ ಅಂತದ. ಆದ್ರ ಎಷ್ಟೊತ್ತಿಗೆ ಆಗ್ತದ ಅಂತ ಗೊತ್ತಿರ್ತದ. ಗೊತ್ತಿದ್ದ ಸದ್ದು ಬ್ಯಾರೆ, ಗೊತ್ತಿಲ್ಲದ ಸದ್ದು ಬ್ಯಾರೆ. ಸುರಂಗ ಹಚ್ಚೂ ಮೊದಲ ನಿಮ್ಮ ಮನಿಗೆ ಯಾರರೆ ಬಂದು ಹೇಳಿದ್ರೇನು?”

ಯಾರೂ ಹೇಳಿರಲಿಲ್ಲ.

“ಒಂದ ಮಾತು” ಎಂದ ತುಕಾರಾಮ, ಏಳುತ್ತ. “ಅಫೀಮು ಒಮ್ಮೆಲೆ ನಿಲ್ಲಿಸಿದ್ರ ತ್ರಾಸ ಆಗ್ತದ, ಹೆಚ್ಚ ಮಾಡಿದ್ರ ಉಸಿರ ನಿಲ್ತದ. ಡಾಕ್ಟರ ಕಡೆ ನಡೀರಿ. ನಾ ಇವತ್ತ ಚಾವಡ್ಯಾಗ ಇರ್ತೀನಿ, ನಾಳಿ ಸಂಗಾಟ ಬರ್ತೀನಿ.”

ಉಸಿರು ನಿಲ್ಲುತ್ತದೆ. ಕಲ್ಯಾಣಮ್ಮ ಆ ಮಾತನ್ನೇ ಹೊತ್ತು ಒಳಗೆ ಹೋದಳು. ನಾಲ್ಕು ವರ್ಷದ ಹಿಂದೆ, ಹೊಲದಲ್ಲಿ ಕಸ ತೆಗೆಯುವ ದಿನ, ಹಿರಿಮಗಳು ದ್ವಾರಕಾ ಒಂದು ಗುಳಿಗೆಗೆ ಸುಮ್ಮನಾಗಿರಲಿಲ್ಲ. ಇವಳು ಎರಡನೆಯದನ್ನೂ ಇಟ್ಟಿದ್ದಳು. ಮಧ್ಯಾಹ್ನ ಹಾಲೂಡಿಸಲು ಹೋದಾಗ ಮರದ ಜೋಲಿಯಲ್ಲಿ ಕೂಸು ತಣ್ಣಗಿತ್ತು. ದೇವರು ಕರಕೊಂಡ ಎಂದರು ಎಲ್ಲರೂ. ಇವಳೂ ಹೂಂ ಎಂದಿದ್ದಳು. ಎರಡನೆಯ ಗುಳಿಗೆಯ ಮಾತು ಇವತ್ತಿನ ತನಕ ಗಂಡನಿಗೂ ಗೊತ್ತಿಲ್ಲ.

ಮರುದಿನ ಬೆಳಗ್ಗೆ ಹಣಮಂತಪ್ಪ ಗಾಡಿ ಹೂಡಿ ಒಳಗೆ ಬಂದ. ಡಬ್ಬಿಯನ್ನು ಹೆಂಡತಿಯ ಕೈಗಿಟ್ಟ.

“ಇವತ್ತ ಎರಡ ಪಟ್ಟು ಹಾಕು. ದಾರ್ಯಾಗ ಎಚ್ಚರಾಗಬಾರದು.”

ಇದನ್ನು ಓದುವ, ಓದಿಸಿ ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಲ್ಲೊಂದು ಗಳಿಗೆ ನಿಲ್ಲಿ. ನಿಮ್ಮ ಊರಿಗೂ ಪಲಟಣದಿಂದ ಒಬ್ಬ ಬಂದಿದ್ದಾನೆ. ಕುಡಿಯುತ್ತಾನೆ, ಬೆಚ್ಚುತ್ತಾನೆ, ಗುಡಿಯ ಕಟ್ಟೆಯ ಮೇಲೆ ಮಲಗುತ್ತಾನೆ. ಅವನಿಗೆ ದೆವ್ವ ಹಿಡಿದಿಲ್ಲ, ಯುದ್ಧ ಅವನನ್ನು ಇನ್ನೂ ಬಿಟ್ಟಿಲ್ಲ. ಕಟ್ಟಬೇಡಿ, ಹೊರಗೆ ಹಾಕಬೇಡಿ. ಸುರಂಗವಿದ್ದರೆ, ಮದುವೆಯಲ್ಲಿ ಮದ್ದು ತುಂಬಿ ಹಾರಿಸುವ ಗರನಾಳು ಇದ್ದರೆ ಮೊದಲೇ ಹೋಗಿ ಹೇಳಿ, ಹತ್ತಿರ ಕೂಡಿ. ಚಟ ಬಿಡಿಸಲು ದವಾಖಾನೆಗೆ ಕರೆದೊಯ್ಯಿರಿ. ಕೂಸಿನ ಬಾಯಿಗೆ ಗುಳಿಗೆ ಇಡಬೇಡಿ. ಡಬ್ಬಿ ಈಗ ನಿಮ್ಮ ಕೈಯಲ್ಲೂ ಇದೆ.

ಕಲ್ಯಾಣಮ್ಮ ಮುಚ್ಚಳ ತೆಗೆಯಲಿಲ್ಲ. ಅರಳೆಯನ್ನು ತಂದು ಗಂಡನ ಅಂಗೈಗಿಟ್ಟಳು, ತುಕಾರಾಮ ಹೇಳಿದ್ದನ್ನೆಲ್ಲ ಹೇಳಿದಳು. ಹಣಮಂತಪ್ಪ ಅರಳೆಯನ್ನು ಬೆರಳಿನಿಂದ ಬಿಡಿಸಿ ನೋಡಿದ.

“ಮತ್ತ ಸುರಂಗ ಹಾರಿದ್ರ?”

“ಬಾವ್ಯಾವರಿಗೆ ಹೇಳಿ ಬಂದೀನ್ರಿ, ಮೊದಲ ತಿಳಸ್ತಾರ. ನಾ ಅಂವನ ಬಾಜೂಕ ಕೂಡ್ತೀನಿ. ನನಗೂ ಹೆದರಿಕಿ ಅದ. ಇಬ್ರೂ ಹೆದರ್ಕೊಂತ ಕೂಡ್ತೀವಿ. ಈಗ ಹಗ್ಗ ಬಿಚ್ಚಿ ದವಾಖಾನಿಗೆ ನಡೀರಿ.”

ಅವನು ಕೊಟ್ಟಿಗೆಯ ಕಡೆ ನೋಡಿದ. ಅರಳೆಯನ್ನು ಮುಂಡಾಸಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡ.

“ಆತು, ದವಾಖಾನಿಗೇ ಒಯ್ಯೂಣು. ಆದ್ರ ದಾರಿ ಪೂರ್ತಿ ಮಲಗ್ಲಿ. ಇದೊಂದ ಸಲ ಎರಡ ಪಟ್ಟು ಹಾಕು.”

“ದ್ವಾರಕಾಗ ಎರಡ ಹಾಕಿದ್ದೆ” ಎಂದಳು ಕಲ್ಯಾಣಮ್ಮ. “ಇವನಿಗೆ ನಾ ಹಾಕಂಗಿಲ್ಲ.”