ದಫ್ತರದಲ್ಲಿ ಇಲ್ಲದವರು

"ಯಾಕ ನಿಂತಿಯಲೇ ಸೂಳೆಮಗನ? ಎತ್ತು ಹೊಡಿ."

ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ವಿರೂಪಾಕ್ಷಪ್ಪ ಗೌಡ ಕೂಗಿದ. ಗ್ಯಾನಪ್ಪ ರಂಟೆಯ ಹಿಡಿಕೆ ಬಿಟ್ಟಿರಲಿಲ್ಲ. ಕುಳದ ಮುಂದೆ ಕರಿಮಣ್ಣಿನ ಹೆಂಟೆಯೊಂದು ಹೊರಳಿ, ಅದರ ಜೊತೆ ಒಂದು ತಲೆಬುರುಡೆ ಮೇಲೆ ಬಂದಿತ್ತು. ಕಣ್ಣಿನ ತೂತುಗಳಲ್ಲಿ ಮಣ್ಣು ತುಂಬಿತ್ತು. ಅದು ಯಾರದೆಂದು ಹೇಳುವುದು ಸಾಧ್ಯವಿರಲಿಲ್ಲ. ಅವನ ಅಪ್ಪನದಿರಬಹುದು, ಅಜ್ಜಿಯದಿರಬಹುದು, ಪ್ಲೇಗಿನಲ್ಲಿ ಸತ್ತ ಯಾರದೋ ಇರಬಹುದು. ಹೊಲಗೇರಿಯಲ್ಲಿ ಸತ್ತವರನ್ನೆಲ್ಲ ಹಳ್ಳದ ದಂಡೆಯ ಈ ಜಾಲಿಗಿಡಗಳ ನಡುವೆಯೇ ಹುಗಿಯುತ್ತ ಬಂದಿದ್ದರು.

ಹಳ್ಳಕ್ಕೆ ಒಗೆ ಎಂದು ಗೌಡ ಹೇಳಿದ. ಗ್ಯಾನಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಹಳ್ಳದ ಉಸುಕಿನಲ್ಲಿ ಇಟ್ಟು ಬಂದ. ಮತ್ತೆ ಎತ್ತು ಹೊಡೆದ.

ಎರಡನೆಯ ದೊಡ್ಡ ಲಡಾಯಿ ಶುರುವಾದ ಮೇಲೆ ಶೇಂಗಾಕ್ಕೆ ಬೆಲೆ ಬಂದಿತ್ತು. ಗೌಡನಿಗೆ ಎಷ್ಟು ಹೊಲವಿದ್ದರೂ ಸಾಲದಾಗಿತ್ತು. ಬ್ಯಾಸಗಿಯಲ್ಲೇ ಆಳು ಹಚ್ಚಿ ಜಾಲಿ ಕಡಿಸಿದ್ದ. ಗ್ಯಾನಪ್ಪ ಅವನ ಮನೆಯ ಜೀತದಾಳು. ಅಪ್ಪ ಸಣ್ಣಪ್ಪನೂ ಅದೇ ಮನೆಯಲ್ಲಿ ಜೀತಕ್ಕಿದ್ದು ಸತ್ತವನು. ಬೇರೆ ಯಾರಿಗಾದರೂ ಈ ಹೊಲ ಉಳಲು ಹೇಳ್ರಿ ಎಂದು ಗ್ಯಾನಪ್ಪ ಕೇಳಿಕೊಂಡಿದ್ದ. ನಿಮ್ಮ ಹೆಣದ ಮ್ಯಾಲೆ ಬ್ಯಾರೆ ಜಾತಿಯವ ಯಾಕ ಕಾಲಿಡಬೇಕು ಎಂದು ಗೌಡ ನಕ್ಕಿದ್ದ.

ಹೊತ್ತು ಇಳಿಯುವಾಗ ಸಾಲು ಒಂದು ಚಪ್ಪಟೆ ಕಲ್ಲಿನ ಹತ್ತಿರ ಬಂತು. ಅಲ್ಲಿ ಗ್ಯಾನಪ್ಪ ಎತ್ತು ನಿಲ್ಲಿಸಿದ. ಮೂರು ವರ್ಷದ ಹಿಂದೆ ಸಿಡುಬಿನ ಅಮ್ಮ ಎದ್ದು ಸತ್ತ ಅವನ ಮಗಳು ಹುಲಗಿ ಆ ಕಲ್ಲಿನಡಿ ಇದ್ದಳು. ಗೌಡ ಬದು ಇಳಿದು ಬಂದು ಬಾರುಕೋಲು ಕಸಿದುಕೊಂಡು ಬೆನ್ನಿಗೆ ಹೊಡೆದ. ಗ್ಯಾನಪ್ಪ ಕದಲಲಿಲ್ಲ. ಹೊಡೆದು ಹೊಡೆದು ಗೌಡನಿಗೇ ಏದುಸಿರು ಬಂತು.

"ನಿಮ್ಮಪ್ಪನ ಹೊಲ ಏನಲೇ ಇದು? ಕಾಗದ ಐತೇನು? ಕಚೇರಿಯಿಂದ ಕಾಗದ ತಂದು ತೋರ್ಸು, ಬಿಡ್ತೀನಿ."

ಅಷ್ಟರಲ್ಲಿ ಮಳೆ ಬಂತು. ಎರೆ ನೆಲ ಅಂಟು ಹಿಡಿದು ಎತ್ತಿನ ಕಾಲು ಕಿತ್ತು ಬರದಂತಾಯಿತು. ಗೌಡ ಕೊಡೆ ಬಿಚ್ಚಿಕೊಂಡು ಮನೆಗೆ ಹೋದ. ನೆಲ ಆರುವ ತನಕ ರಂಟೆ ಹೂಡುವ ಹಾಗಿರಲಿಲ್ಲ.

ಮರುದಿನ ಗ್ಯಾನಪ್ಪನ ಹೆಂಡತಿ ಫಕೀರಮ್ಮ ತಹಶೀಲ ಕಚೇರಿಗೆ ನಡೆದಳು. ಜೀತದಾಳು ಹೇಳದೆ ಊರು ಬಿಟ್ಟರೆ ಹುಡುಕಿ ಕಟ್ಟಿ ತರುತ್ತಿದ್ದರು. ಹೆಂಗಸನ್ನು ಯಾರೂ ಅಷ್ಟು ಕೇಳುತ್ತಿರಲಿಲ್ಲ. ಅವಳು ಗಿಣಿಗೇರಾದ ಕಡೆಯವಳು. ಕಚೇರಿಯನ್ನು ಹೊರಗಿನಿಂದಲೂ ನೋಡಿದವಳಲ್ಲ.

ಮೆಟ್ಟಿಲ ಕೆಳಗೆ ನಿಂತಳು. ಬಿಸಿಲು ನೆತ್ತಿಗೆ ಬಂದ ಮೇಲೆ ತಹಶೀಲದಾರ ಹೊರಗೆ ಬಂದ. ಹೈದರಾಬಾದಿನ ಕಡೆಯವನು, ಅವನಿಗೆ ಕನ್ನಡ ಬರುತ್ತಿರಲಿಲ್ಲ. ಅವಳು ಅಡ್ಡಬಿದ್ದು ಹೇಳಿದ್ದನ್ನು ದಫ್ತರ ನೋಡುವ ಮುರ್ತುಜಾಸಾಬ ಉರ್ದುವಿನಲ್ಲಿ ತಿಳಿಸಿದ. ತಹಶೀಲದಾರ ಅವಳನ್ನು ನೋಡದೆ ಎರಡು ಮಾತು ಆಡಿ ಟಾಂಗಾ ಹತ್ತಿದ.

"ಸುಡುಗಾಡು ಅಂದ್ರ ದಫ್ತರದಾಗ ಬರದಿರಬೇಕಂತ," ಎಂದ ಮುರ್ತುಜಾಸಾಬ. "ನಿಮ್ಮ ಹಿರ್ಯಾರು ಯಾರು, ಎಲ್ಲಿ ಹುಗದಾರ, ಸಿಕ್ಕರ ಗೌಡನ್ನ ಕರಸ್ತಾರ. ಇಲ್ಲಂದ್ರ ಇಲ್ಲ."

ಹುಡುಕಿ ಕೊಡಿರೆಂದು ಅವಳು ಕೇಳಿದಳು. ಮೊದಲು ಅಲ್ಲಿಯ ಕೆಲಸ ಮಾಡು ಎಂದು ಅವನು ಹಿತ್ತಲಿನ ಕಡೆ ಕೈ ತೋರಿಸಿದ. ಸಾಹೇಬರ ಕುದುರೆಯ ಲಾಯದಲ್ಲಿ ಲದ್ದಿ ಮೊಣಕಾಲುದ್ದ ಬಿದ್ದಿತ್ತು. ಫಕೀರಮ್ಮ ಸೀರೆ ಎತ್ತಿ ಕಟ್ಟಿ ಬುಟ್ಟಿ ಹಿಡಿದಳು. ಲದ್ದಿ ಮುಗಿದ ಮೇಲೆ ಕಟ್ಟಿಗೆ ಒಡೆಯುವುದಿತ್ತು. ಅದಾದ ಮೇಲೆ ಅಂಗಳದ ಕಸ. ರಾತ್ರಿ ಹೊರಗಿನ ಗೋಡೆಗೆ ಒರಗಿ ಮಲಗಿದಳು, ಬೆಳಗಾದರೆ ಮತ್ತೆ ಬುಟ್ಟಿ ಹಿಡಿದಳು. ಯಾರೂ ಅವಳನ್ನು ಹೋಗು ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಬಾಯಾರಿದಾಗ ಮುರ್ತುಜಾಸಾಬ ಕಿಟಕಿಯಿಂದ ಅವಳ ಬೊಗಸೆಗೆ ನೀರು ಸುರಿದ.

ಕಡೆಗೊಂದು ಮಧ್ಯಾಹ್ನ ಅವನು ಹಳೆಯ ಕಾಗದ ಕಟ್ಟಿಟ್ಟ ಕೆಂಪು ಬಟ್ಟೆಯ ಬಸ್ತಾಗಳನ್ನು ಬಿಚ್ಚಿದ. ಧೂಳಿಗೆ ಕೆಮ್ಮಿದ. ಕಿಟಕಿಯ ಹೊರಗೆ ಅವಳು ನಿಂತು ಹೆಸರು ಹೇಳಿದಳು. ಮಾವ ಸಣ್ಣಪ್ಪ. ಅವನಪ್ಪ ಹೊಳಿಯಪ್ಪ. ಅವನಪ್ಪ ಮಾರೆಪ್ಪ. ಹಿಂದಿನವರ ಹೆಸರು ಅತ್ತೆಗೂ ಗೊತ್ತಿರಲಿಲ್ಲ.

ಮುರ್ತುಜಾಸಾಬ ಬೆರಳು ಇಟ್ಟು ಬಲದಿಂದ ಎಡಕ್ಕೆ ಓದುತ್ತ ಹೋದ. ಸತ್ತವರ ದಾಖಲೆ ಇತ್ತು. ಗೌಡರಲ್ಲಿ ಸತ್ತವರ ಹೆಸರಿತ್ತು, ಶೆಟ್ಟರ ಹೆಸರಿತ್ತು, ಪೂಜಾರಿಯ ಹೆಸರಿತ್ತು. ಅದರ ಕೆಳಗೆ, ಹೊಲೆಯರು, ಗಂಡಸರು ನಾಲ್ಕು, ಹೆಂಗಸರು ಆರು ಎಂದಿತ್ತು. ಮುಂದಿನ ವರ್ಷ ಗಂಡಸರು ಏಳು. ಪ್ಲೇಗಿನ ವರ್ಷ ಬರೀ ಹಲವರು ಎಂದು ಬರೆದು ಬಿಟ್ಟಿದ್ದರು. ಎಲ್ಲಿ ಹುಗಿದರೆಂದು ಎಲ್ಲೂ ಇರಲಿಲ್ಲ. ಆ ಪಟ್ಟಿಯನ್ನು ಊರಿನಲ್ಲಿ ಬರೆಸಿ ಕಳಿಸುತ್ತಿದ್ದವರು ವಿರೂಪಾಕ್ಷಪ್ಪನ ಅಪ್ಪ, ಅಜ್ಜ.

ಬಸ್ತಾ ಕಟ್ಟುವಾಗ ಅವನಿಗೆ ಇನ್ನೊಂದು ಕಾಗದ ಸಿಕ್ಕಿತು. ಗೌಡನ ಅಜ್ಜನೂ ಅವನ ತಮ್ಮನೂ ಆಸ್ತಿ ಪಾಲು ಮಾಡಿಕೊಂಡ ಪತ್ರದ ನಕಲು. ನಿಮ್ಮ ಊರಿಂದು ಅಂತ ಓದ್ತೀನಿ ಎಂದು ಓದಿದ. ಅಣ್ಣನ ಪಾಲಿಗೆ ಮೇಲಿನ ಹೊಲ, ಬಾವಿ, ಕಬ್ಬಿಣದ ಕುಳ ಎರಡು, ಬೋರ ಮತ್ತು ಕೆಂದ ಎಂಬ ಎತ್ತು ಒಂದು ಜೋಡಿ, ಗೌರಿ ಎಂಬ ಎಮ್ಮೆ, ಹೊಲೆಯ ಒಂದು, ಹೆಂಡತಿ ಸಹಿತ.

ಫಕೀರಮ್ಮ ಕಿಟಕಿಗೆ ಇನ್ನೂ ಹತ್ತಿರ ಬಂದಳು. ಆ ಮನೆಯಲ್ಲಿ ಆಗ ಜೀತಕ್ಕಿದ್ದವನು ಗ್ಯಾನಪ್ಪನ ಅಜ್ಜ ಹೊಳಿಯಪ್ಪ.

"ಆ ಹೊಲ್ಯಾನ ಹೆಸರು?"

"ಬರದಿಲ್ಲವ್ವ."

"ಎತ್ತಿಂದು ಏನಂದ್ರಿ?"

"ಬೋರ. ಕೆಂದ."

ಅವಳು ತಲೆಯಾಡಿಸಿದಳು. ಮುರ್ತುಜಾಸಾಬ ಬಸ್ತಾ ಕಟ್ಟಿ ಗಂಟು ಬಿಗಿದ. ಇಷ್ಟರ ಮ್ಯಾಲೆ ಸಾಹೇಬ್ರು ಏನೂ ಮಾಡೂದಿಲ್ಲ, ಮನಿಗೆ ಹೋಗು ಎಂದ. ಲಾಯದ ಬುಟ್ಟಿಯನ್ನು ಇದ್ದ ಜಾಗದಲ್ಲಿ ಇಟ್ಟು ಅವಳು ಹೊರಟಳು.

ಊರು ಮುಟ್ಟುವ ಹೊತ್ತಿಗೆ ನೆಲ ಆರಿತ್ತು. ನಾಳೆ ರಂಟೆ ಹೂಡಬೇಕೆಂದು ಗೌಡನ ಮನೆಯಿಂದ ಹೇಳಿ ಕಳಿಸಿದ್ದರು. ಗುಡಿಸಲ ಮುಂದೆ ಗ್ಯಾನಪ್ಪ ಹರಳೆಣ್ಣೆ ಹಚ್ಚಿದ ಬೆನ್ನು ಗಾಳಿಗೆ ಕೊಟ್ಟು ಕೂತಿದ್ದ. ಮುರ್ತುಜಾಸಾಬ ಓದಿದ್ದನ್ನೆಲ್ಲ ಅವಳು ಹೇಳಿದಳು. ಅಂಬಲಿ ಕುಡಿದರು. ಮಲಗಿದರು.

ಬೆಳಕು ಹರಿಯುವಾಗ ಗ್ಯಾನಪ್ಪ ಎದ್ದು ಗೌಡನ ಮನೆಯ ದಾರಿ ಹಿಡಿಯಲಿಲ್ಲ. ಸನಿಕೆ ತೆಗೆದುಕೊಂಡು ಹಳ್ಳದ ಕಡೆ ಹೋದ. ಫಕೀರಮ್ಮ ಹಿಂದೆ ಹೋದಳು. ಚಪ್ಪಟೆ ಕಲ್ಲು ಸರಿಸಿ ಅವನು ಅಗೆದ. ಸ್ವಲ್ಪ ಅಗೆದ ಮೇಲೆ ಸನಿಕೆ ಪಕ್ಕಕ್ಕಿಟ್ಟು ಕೈಯಿಂದ ಮಣ್ಣು ತೆಗೆದ. ಅವಳು ಮಣ್ಣು ಒರೆಸಿ ಒಂದೊಂದೇ ತನ್ನ ಹಳೆಯ ಸೀರೆಯ ಮೇಲಿಟ್ಟಳು. ಎಲುಬು ಕಡ್ಡಿಯಷ್ಟು ಸಣ್ಣವಿದ್ದವು. ಕೈಯೆಲುಬಿನ ಹತ್ತಿರ ಹಸಿರು ಗಾಜಿನ ಬಳೆ ಒಡೆಯದೆ ಉಳಿದಿತ್ತು. ಅದನ್ನೂ ಇಟ್ಟಳು. ಮೂಲೆ ಕೂಡಿಸಿ ಗಂಟು ಕಟ್ಟಿದರು. ಗಂಟು ಹಗುರಾಗಿತ್ತು.

"ಗೌಡ ಹೂಡಾಕ ಬಂದು ನೋಡ್ತಾನ," ಎಂದ ಗ್ಯಾನಪ್ಪ.

"ನೋಡಲಿ," ಎಂದಳು ಫಕೀರಮ್ಮ.

ಅವನು ಸನಿಕೆಯನ್ನು ಅಲ್ಲೇ ನೆಲಕ್ಕೆ ಊರಿ ಅವಳ ಜೊತೆ ನಡೆದ. ಹುಟ್ಟಿದ ಮೇಲೆ ಗೌಡನನ್ನು ಕೇಳದೆ ಅವನು ಊರ ಗಡಿ ದಾಟಿದ್ದು ಅದೇ ಮೊದಲು.

ಕಚೇರಿಯ ಮುಂದೆ ಜನ ತುಂಬಿತ್ತು. ಸರಕಾರಕ್ಕೆ ಕೊಡಬೇಕಾದ ಲೇವಿ ಜೋಳದ ಚೀಲ ಹೊತ್ತ ಬಂಡಿಗಳು ನಿಂತಿದ್ದವು. ಫಕೀರಮ್ಮ ಮೆಟ್ಟಿಲ ಕೆಳಗೆ ನಿಲ್ಲಲಿಲ್ಲ. ಮೇಲೆ ಹತ್ತಿದಳು. ಜವಾನ ಏ ಏ ಎನ್ನುತ್ತ ಓಡಿಬರುವಷ್ಟರಲ್ಲಿ ಪಡಸಾಲೆಯ ನಡುವೆ ಗಂಟು ಇಟ್ಟು ಬಿಚ್ಚಿದಳು. ಗ್ಯಾನಪ್ಪ ಅವಳ ಬಗಲಿಗೆ ಕೂತ. ಜವಾನ ಎತ್ತಿದ ಬೆತ್ತ ಹಾಗೇ ಹಿಡಿದು ಹಿಂದೆ ಸರಿದ. ಚೀಲ ಇಳಿಸುತ್ತಿದ್ದವರು ಇಳಿಸುವುದನ್ನು ಬಿಟ್ಟರು.

ಮುರ್ತುಜಾಸಾಬ ಕಿವಿಗೆ ಲೇಖನಿ ಸಿಕ್ಕಿಸಿಕೊಂಡು ಹೊರಗೆ ಬಂದ. ನೋಡಿ ಬಾಗಿಲಲ್ಲೇ ನಿಂತ.

"ದಫ್ತರದಾಗ ಇಲ್ಲಂದ್ರಿ," ಎಂದಳು ಫಕೀರಮ್ಮ. "ತಂದೀನಿ. ಹೆಸರು ಹುಲಗೆಮ್ಮ. ಅಪ್ಪ ಗ್ಯಾನಪ್ಪ. ಅಜ್ಜ ಸಣ್ಣಪ್ಪ. ಬರ್ಕೊಳ್ರಿ."

ತಹಶೀಲದಾರ ಬಂದು ಮೂಗಿಗೆ ಕರವಸ್ತ್ರ ಹಿಡಿದ. ವಾಸನೆ ಏನೂ ಇರಲಿಲ್ಲ. ಅವನು ಕೂಗಾಡಿದ್ದನ್ನು ಯಾರೂ ಕನ್ನಡದಲ್ಲಿ ತಿಳಿಸಲಿಲ್ಲ. ಎತ್ತಿ ಹೊರಗೆ ಹಾಕು ಎಂದು ಜವಾನನಿಗೆ ಕೈ ಮಾಡಿದ್ದು ಎಲ್ಲರಿಗೂ ಗೊತ್ತಾಯಿತು. ಜವಾನ ಮುಟ್ಟಲಿಲ್ಲ. ಬಂಡಿಯವರನ್ನು ಕರೆದರು. ಅವರೂ ಮುಟ್ಟಲಿಲ್ಲ. ಸತ್ತದ್ದನ್ನು ಎತ್ತುವುದು ಹೊಲಗೇರಿಯವರ ಕೆಲಸ. ಪೇಟೆಯ ಕೇರಿಗೆ ಜವಾನ ಓಡಿದ. ತಹಶೀಲದಾರ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಹಗ್ಗ, ಗೋಣಿಚೀಲ ಹಿಡಿದು ಇಬ್ಬರು ಬಂದರು. ನಾಯಿ ಸತ್ತಿದೆ ಎಂದು ಹೇಳಿ ಅವರನ್ನು ಕರೆತಂದಿದ್ದರು. ಇಬ್ಬರೂ ಮೆಟ್ಟಿಲ ಹತ್ತಿರ ತಡೆದು ನಿಂತರು. ಮುದುಕನಾಗಿದ್ದವನು ಗ್ಯಾನಪ್ಪನ ಬೆನ್ನು ನೋಡಿದ, ಸೀರೆಯ ಮೇಲಿದ್ದದ್ದನ್ನು ನೋಡಿದ.

"ಯಾರದವ್ವ ಇದು?"

ಫಕೀರಮ್ಮ ಹೇಳಿದಳು. ಯಾವ ಊರು, ಯಾರ ಹೊಲ, ಯಾಕೆ ತಂದದ್ದು, ಎಲ್ಲ ಹೇಳಿದಳು. ಅವಳ ದನಿ ಏರಲಿಲ್ಲ, ಇಳಿಯಲಿಲ್ಲ.

ಮುದುಕ ಹಗ್ಗವನ್ನು ಸುರುಳಿ ಸುತ್ತಿ ಕೆಳಗಿಟ್ಟ. ಮೆಟ್ಟಿಲು ಹತ್ತಿ, ಗ್ಯಾನಪ್ಪನ ಪಕ್ಕದಲ್ಲಿ ಕಚೇರಿಯ ಹಾಸುಬಂಡೆಯ ಮೇಲೆ ಕೂತ. ಇನ್ನೊಬ್ಬನೂ ಗೋಣಿಚೀಲ ಬಿಟ್ಟು ಬಂದು ಕೂತ.

ಒಳಗಿನಿಂದ ತಹಶೀಲದಾರ ಗಂಟೆ ಬಾರಿಸಿದ. ಯಾರೂ ಏಳಲಿಲ್ಲ. ಗಂಟೆ ಮತ್ತೆ ಕೇಳಿಸಿತು.